ಬೇನೆಯ ಗುಳಿಗೆ: ಯಾವುದು ಎಲ್ಲಿ ಕೆಲಸ ಮಾಡುತ್ತದೆ?



ಕಳೆದ ಶ್ರಾವಣದಲ್ಲಿ ಆಳಂದ ತಾಲ್ಲೂಕಿನ ಹಿರೋಳ್ಳಿಯಲ್ಲಿ ಪುರಾಣ ಹೇಳಲು ನಾವು ಹೋಗಿದ್ದೆವು. ಅದು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಊರು. ಅಲ್ಲಿಯವರು ದವಾಖಾನೆಗೆಂದು ಇತ್ತ ಆಳಂದ, ಕಲಬುರಗಿಗೂ ಹೋಗುತ್ತಾರೆ; ಅತ್ತ ಅಕ್ಕಲಕೋಟೆ, ಸೊಲ್ಲಾಪುರಕ್ಕೂ ಹೋಗುತ್ತಾರೆ. ಒಂದು ರಾತ್ರಿ ಮಂಗಳಾರತಿಯಾಗಿ, ಪ್ರಸಾದ ಮುಗಿದು, ಜನ ಚದುರಿದ ಬಳಿಕ ಇಬ್ಬರು ಮಾತ್ರ ಉಳಿದರು.

ಮೊದಲನೆಯವರು ಅರವತ್ತು ದಾಟಿದ ಒಕ್ಕಲಿಗರು. ಅವರು ಧೋತರದ ಗಂಟಿನಿಂದ ಒಂದು ಪತ್ರಿಕೆಯ ಚೂರನ್ನು ತೆಗೆದು ಬಿಚ್ಚಿದರು. ಅದರಲ್ಲಿ ಒಂದು ಬಿಳಿಯ, ಒಂದು ಹಳದಿಯ, ಒಂದು ಸಣ್ಣ ಗುಳಿಗೆ ಇದ್ದವು. “ಶಾಸ್ತ್ರಿಗಳ್ರೀ, ಇವು ಮೂರೂ ಬ್ಯಾನಿ ಗುಳಗಿನೇ. ತಗೊಂಡ್ರ ಹೊಲಕ್ಕ ಹೋಗ್ಲಿಕ್ಕಿ ಆಗ್ತದ, ಇಲ್ಲಾಂದ್ರ ಇಲ್ಲ. ಇದರಿಂದ ಏನರ ಆಗ್ತದೇನ್ರಿ?” ಎಂದು ಕೇಳಿದರು. ಎಷ್ಟು ವರ್ಷಗಳಿಂದ ಎಂದು ನಾವು ವಿಚಾರಿಸಿದಾಗ, “ಕೈಕಾಲು ಹಿಡಿದ ಜ್ವರ ಬಂದ ವರ್ಷದಿಂದ” ಎಂದರು.

ಎರಡನೆಯವನು ಯುವಕ. ಮೊದಲಿನವರು ಎದ್ದು ಹೋಗುವವರೆಗೆ ಕಾದಿದ್ದು ಮೆಲುದನಿಯಲ್ಲಿ ಹೇಳಿದ: “ನಮ್ಮ ಅವ್ವಗ ಕ್ಯಾನ್ಸರ್ ಆಗ್ಯಾದ್ರಿ. ರಾತ್ರಿಯೆಲ್ಲಾ ನರಳ್ತಾಳ. ಸೊಲ್ಲಾಪುರದಾಗ ಗುಳಗಿ ಬರದು ಕೊಟ್ಟಾರ. ಅದು ಅಫೀಮಿನಿಂದ ಮಾಡಿದ್ದಂತ. ಲಿಂಗ ಕಟ್ಟಿದವರಿಗಿ ಅದು ನಡಿತದೇನ್ರಿ?” ಹನ್ನೆರಡು ದಿನಗಳಿಂದ ಆ ಗುಳಿಗೆಗಳು ದೇವರ ಜಗುಲಿಯ ಮೇಲೆ ಹಾಗೆಯೇ ಇದ್ದವು. ತಾಯಿಗೆ ಕೊಡಲು ಅವನ ಕೈ ಬಂದಿರಲಿಲ್ಲ.

ಈ ಎರಡು ಪ್ರಶ್ನೆಗಳು ನಮ್ಮನ್ನು ಬಹಳ ದಿನ ಕಾಡಿದವು. ಒಂದು ಮನೆಯಲ್ಲಿ ಗುಳಿಗೆಯ ಭಯವೇ ಇಲ್ಲ. ಇನ್ನೊಂದು ಮನೆಯಲ್ಲಿ ಭಯವಲ್ಲದೆ ಬೇರೇನೂ ಇಲ್ಲ. ಎರಡಕ್ಕೂ ಮೂಲ ಒಂದೇ, ಅದು ಅರಿವಿನ ಕೊರತೆ. ನಾವು ವೈದ್ಯರಲ್ಲ, ಮಠದಲ್ಲಿ ಶಾಸ್ತ್ರ ಓದಿದವರು. ಆದರೂ ಬಲ್ಲ ವೈದ್ಯರನ್ನು ಕೇಳಿ, ತಕ್ಕ ಗ್ರಂಥಗಳನ್ನು ನೋಡಿ ತಿಳಿದುಕೊಂಡುದನ್ನು ಈ ತಿಂಗಳು ಓದುಗರ ಮುಂದೆ ಇಡುತ್ತಿದ್ದೇವೆ.

ಕೈಕಾಲು ಹಿಡಿದ ವರ್ಷ

ಆ ಒಕ್ಕಲಿಗರು ಹೇಳಿದ ಜ್ವರದ ವರ್ಷ 2006. ಚಿಕೂನ್‌ಗುನ್ಯಾ ಎಂಬ ಹೆಸರನ್ನು ನಮ್ಮ ಭಾಗದ ಜನ ಅಂದು ಮೊದಲ ಬಾರಿಗೆ ಕೇಳಿದರು. 1952ರಲ್ಲಿ ಆಫ್ರಿಕದ ಟಾಂಜಾನಿಯದಲ್ಲಿ ಗುರುತಿಸಲಾದ ಈ ರೋಗಕ್ಕೆ ಅಲ್ಲಿಯ ಮಾಕೊಂಡೆ ಭಾಷೆಯ ಹೆಸರಿದೆ. ಬಾಗಿ ಮುದುಡಿಸುವಂಥದು ಎಂಬುದು ಅದರ ಅರ್ಥ. ಆ ಒಂದೇ ವರ್ಷ ನಮ್ಮ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಕರ್ನಾಟಕವೊಂದರವೇ. ಅದರ ಹೊಡೆತಕ್ಕೆ ಸಿಕ್ಕ ಜಿಲ್ಲೆಗಳಲ್ಲಿ ಅಂದು ಗುಲ್ಬರ್ಗವೆಂದು ಕರೆಯುತ್ತಿದ್ದ ನಮ್ಮ ಕಲಬುರಗಿಯೂ ಒಂದು. ಜ್ವರ ವಾರದಲ್ಲಿ ಇಳಿಯಿತು, ಆದರೆ ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯಿತು. ಆಗ ಹಿಡಿದ ಗುಳಿಗೆಯ ರೂಢಿ ಜ್ವರ ಮರೆತುಹೋದ ಮೇಲೂ ಅನೇಕ ಮನೆಗಳಲ್ಲಿ ಬಿಟ್ಟುಹೋಗಲಿಲ್ಲ. ಮೊದಲು ಕೀಲಿಗೆ, ಆಮೇಲೆ ಸೊಂಟಕ್ಕೆ, ಆಮೇಲೆ ದಣಿವಿಗೆ, ಕೊನೆಗೆ ಹೊಲಕ್ಕೆ ಹೋಗುವ ಮುನ್ನ ಚಹಾದ ಜೊತೆಗೆ ಒಂದು ಎಂಬಂತಾಯಿತು.

ನೋವು ಎಂಬ ಸುದ್ದಿ

ನೋವು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯದೆ ಔಷಧದ ಮಾತು ತಿಳಿಯದು. ಇದಕ್ಕೆ ಊರಿನ ದೃಷ್ಟಾಂತವೊಂದನ್ನು ತೆಗೆದುಕೊಳ್ಳೋಣ. ಹೊಲದಲ್ಲಿ ಏನೋ ಅನಾಹುತವಾಯಿತು. ವಾಲೀಕಾರನು ಸುದ್ದಿ ಹೊತ್ತು ದಾರಿ ಹಿಡಿದು ಓಡುತ್ತಾನೆ, ಊರ ಅಗಸಿಯನ್ನು ದಾಟುತ್ತಾನೆ, ಗೌಡರ ಚಾವಡಿಗೆ ಬಂದು ಹೇಳುತ್ತಾನೆ. ಚಾವಡಿಗೆ ಸುದ್ದಿ ಮುಟ್ಟಿದಾಗಲೇ ಊರಿಗೆ ಗೊತ್ತಾಗುವುದು.

ಶರೀರದಲ್ಲಿಯೂ ಹೀಗೆಯೇ. ಪೆಟ್ಟು ಬಿದ್ದ ಅಥವಾ ಬಾತ ಜಾಗವೇ ಹೊಲ. ಅಲ್ಲಿಂದ ಬೆನ್ನುಹುರಿಯವರೆಗಿನ ನರವೇ ದಾರಿ. ಬೆನ್ನುಹುರಿಯೇ ಅಗಸಿ. ಮಿದುಳೇ ಚಾವಡಿ. ದಾರಿಯಲ್ಲಿ ಎರಡು ಬಗೆಯ ವಾಲೀಕಾರರು ಇದ್ದಾರೆ. ಒಬ್ಬನು ಸೆಕೆಂಡಿಗೆ ಹತ್ತಾರು ಅಡಿಗಳಿಂದ ನೂರು ಅಡಿಯವರೆಗೂ ಓಡಬಲ್ಲನು. ಮುಳ್ಳು ಚುಚ್ಚಿದ ಕ್ಷಣದ ಚುರುಕು ನೋವನ್ನು ತರುವವನು ಇವನು. ಇನ್ನೊಬ್ಬನು ಸೆಕೆಂಡಿಗೆ ಆರೇಳು ಅಡಿಯನ್ನೂ ಮೀರದ ಮಂದಗಾಮಿ; ಆಮೇಲೆ ಬರುವ ಮಿಡಿಯುವ, ಉರಿಯುವ ನೋವು ಇವನ ಹೊರೆ.

ನೋವಿನ ಔಷಧಗಳೆಲ್ಲ ಈ ಸುದ್ದಿಯನ್ನು ಎಲ್ಲಿಯೋ ಒಂದು ಕಡೆ ತಡೆಯುತ್ತವೆ. ಕೆಲವು ಹೊಲದಲ್ಲಿ, ಕೆಲವು ದಾರಿಯಲ್ಲಿ, ಕೆಲವು ಅಗಸಿಯಲ್ಲಿ, ಕೆಲವು ಚಾವಡಿಯಲ್ಲಿ. ತಡೆಯುವ ಜಾಗ ಬೇರೆಯಾದುದರಿಂದ ಅವುಗಳ ಗುಣವೂ ಬೇರೆ, ಅಪಾಯವೂ ಬೇರೆ. ಎಲ್ಲವನ್ನೂ ‘ಬ್ಯಾನಿ ಗುಳಗಿ’ ಎಂಬ ಒಂದೇ ಹೆಸರಿನಿಂದ ಕರೆಯುವುದರಲ್ಲಿಯೇ ನಮ್ಮ ಮೊದಲ ತಪ್ಪು ಇದೆ.

ಹೊಲದಲ್ಲಿ ತಡೆಯುವವು

ಅಂಗಾಂಶಕ್ಕೆ ಗಾಯವಾದಾಗ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್ ಎಂಬ ರಸಗಳನ್ನು ತಯಾರಿಸುತ್ತವೆ. ಇವು ಅಲ್ಲಿಯ ನರದ ತುದಿಗಳನ್ನು ಸೂಕ್ಷ್ಮಗೊಳಿಸುತ್ತವೆ. ಬಾತ ಕೀಲನ್ನು ಬೆರಳಿನಿಂದ ಮುಟ್ಟಿದರೂ ನೋಯುವುದು ಇದರಿಂದಲೇ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ನಿಮೆಸುಲೈಡ್ ಮೊದಲಾದವು ಈ ರಸವನ್ನು ತಯಾರಿಸುವ ಕಿಣ್ವವನ್ನು ತಡೆಯುತ್ತವೆ. ಈ ಕುಲದ ಹಿರಿಯ ಆಸ್ಪಿರಿನ್. ನೀರವಂಜಿಯ ಜಾತಿಯ ಮರದ ತೊಗಟೆಯು ಜ್ವರವನ್ನು ಇಳಿಸುತ್ತದೆಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ಅಲ್ಲಿಯ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಆಸ್ಪಿರಿನ್ ಸಿದ್ಧವಾಯಿತು. ಆದರೆ ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಜಾನ್ ವೇನ್ ಎಂಬ ವಿಜ್ಞಾನಿ ತೋರಿಸಿಕೊಟ್ಟದ್ದು 1971ರಲ್ಲಿ. ಅದಕ್ಕಾಗಿ 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಮುಕ್ಕಾಲು ಶತಮಾನ ಜಗತ್ತು ಕಾರಣವನ್ನು ಅರಿಯದೆಯೇ ಆ ಗುಳಿಗೆಯನ್ನು ನುಂಗಿತ್ತು.

ಇಲ್ಲಿಯೇ ಎಚ್ಚರಿಕೆಯ ಮಾತು ಬರುತ್ತದೆ. ಪ್ರೊಸ್ಟಾಗ್ಲಾಂಡಿನ್ ಕೇವಲ ನೋವಿನ ದೂತನಲ್ಲ. ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುವುದೂ ಅದೇ. ಶರೀರದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಗಳಿಗೆ ರಕ್ತದ ಹರಿವು ನಿಲ್ಲದಂತೆ ನೋಡಿಕೊಳ್ಳುವುದೂ ಅದೇ. ಗುಳಿಗೆಗೆ ಮೊಣಕಾಲು ಯಾವುದು, ಜಠರ ಯಾವುದು, ಮೂತ್ರಪಿಂಡ ಯಾವುದು ಎಂಬ ವಿವೇಕವಿಲ್ಲ. ಅದು ರಕ್ತದಲ್ಲಿ ಕರಗಿ ಎಲ್ಲ ಕಡೆಯೂ ಹೋಗುತ್ತದೆ. ಎಲ್ಲ ಕಡೆಯೂ ಆ ಕಿಣ್ವವನ್ನು ತಡೆಯುತ್ತದೆ.

ನಮ್ಮ ಭಾಗದ ಬೇಸಿಗೆಯನ್ನು ನೆನೆಯಿರಿ. ತಾಪಮಾನ 42, 43 ಡಿಗ್ರಿ ದಾಟುವ ದಿನಗಳಲ್ಲಿ ಹೊಲದ ಕೆಲಸದವರು, ಕಬ್ಬು ಕಡಿಯುವವರು ಬೆವರು ಸುರಿಸುತ್ತ, ನೀರನ್ನು ಮಿತವಾಗಿ ಕುಡಿಯುತ್ತ ದುಡಿಯುತ್ತಾರೆ. ಆ ಸ್ಥಿತಿಯಲ್ಲಿ ಮೂತ್ರಪಿಂಡ ಬದುಕಿರುವುದೇ ಆ ರಸದ ಆಸರೆಯಿಂದ. ಅದೇ ವೇಳೆಗೆ ಎರಡು ಗುಳಿಗೆ ನುಂಗಿದರೆ ಆ ಆಸರೆಯನ್ನೇ ಕಿತ್ತಂತಾಯಿತು. ರಕ್ತದೊತ್ತಡಕ್ಕೆಂದು ಕೆಲವು ಬಗೆಯ ಗುಳಿಗೆಗಳನ್ನೂ ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಮೂತ್ರಪಿಂಡವು ನೋಯುತ್ತ ನೋಯುತ್ತ ಸಾಯುವ ಅಂಗವಲ್ಲ. ಬಹುಪಾಲು ಕೆಟ್ಟ ಮೇಲೆಯೇ ಅದು ಸುಳಿವು ಕೊಡುತ್ತದೆ.

ಜಠರದ ಮಾತನ್ನು ನಾವು ಅನುಭವದಿಂದಲೇ ಹೇಳಬೇಕಾಗಿದೆ. ನಾಲ್ಕೈದು ವರ್ಷಗಳ ಹಿಂದೆ ತಾಸುಗಟ್ಟಲೆ ಪದ್ಮಾಸನದಲ್ಲಿ ಕುಳಿತು ನಮ್ಮ ಮೊಣಕಾಲು ಹಿಡಿದುಕೊಂಡಿತು. ಪುರಾಣ ನಡೆದ ಊರಿನ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆಯೇ ಗುಳಿಗೆ ಕೊಟ್ಟರು, ನಾವೂ ವಿಚಾರಿಸಲಿಲ್ಲ. ಉಪವಾಸದ ದಿನವೂ ಬರಿಯ ಹೊಟ್ಟೆಯಲ್ಲಿ ತೆಗೆದುಕೊಂಡೆವು. ಮೂರನೆಯ ವಾರ ಮಲವು ಡಾಂಬರಿನಂತೆ ಕಪ್ಪಾಯಿತು, ಎದ್ದರೆ ಕಣ್ಣು ಕತ್ತಲಿಟ್ಟಿತು. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎರಡು ಬಾಟಲಿ ರಕ್ತ ಹಾಕಿಸಿಕೊಂಡು ಎದ್ದೆವು. ಹೊಟ್ಟೆಯಲ್ಲಿ ಒಂದು ದಿನವೂ ನೋವು ಬಂದಿರಲಿಲ್ಲ. ನೋವಿನ ಗುಳಿಗೆಯೇ ಆ ಸುದ್ದಿಯನ್ನೂ ತಡೆದಿರಬೇಕು! ಆದುದರಿಂದ ಕಪ್ಪು ಮಲ ಕಂಡರೆ ಅಂದೇ ದವಾಖಾನೆಗೆ ಹೋಗಬೇಕೆಂಬುದನ್ನು ಓದುಗರು ಮರೆಯಬಾರದು.

ಜಠರಕ್ಕೆ ಕಡಿಮೆ ತೊಂದರೆಯಾಗಲೆಂದು ಇದೇ ಕುಲದಲ್ಲಿ ಹೊಸ ಗುಳಿಗೆಗಳನ್ನೂ ತಂದರು. ಅವುಗಳಲ್ಲಿ ಒಂದಾದ ರೋಫೆಕಾಕ್ಸಿಬ್ ಹೃದಯಾಘಾತವನ್ನು ಹೆಚ್ಚಿಸುತ್ತದೆಂದು ತಿಳಿದುಬಂದು 2004ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಎಟೋರಿಕಾಕ್ಸಿಬ್‌ನಂತಹವು ಈಗಲೂ ಇವೆ. ಹೃದ್ರೋಗವಿದ್ದವರು ವೈದ್ಯರಿಗೆ ಅದನ್ನು ತಿಳಿಸದೆ ತೆಗೆದುಕೊಳ್ಳಬಾರದು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರಕಾರ 2011ರಲ್ಲಿ ನಿಷೇಧಿಸಿತು. ಜ್ವರದಲ್ಲಿರುವ ಮಕ್ಕಳಿಗೆ ಆಸ್ಪಿರಿನ್ ಸಲ್ಲದು. ಡೆಂಗಿಯ ಸಂಶಯವಿದ್ದಾಗ ಈ ಕುಲದ ಯಾವ ಗುಳಿಗೆಯೂ ಯಾರಿಗೂ ಸಲ್ಲದು, ಏಕೆಂದರೆ ರಕ್ತಸ್ರಾವ ಹೆಚ್ಚುತ್ತದೆ. ಗರ್ಭಿಣಿಯರು ವೈದ್ಯರು ಹೇಳದೆ ಇವುಗಳನ್ನು ಮುಟ್ಟಬಾರದು. ಹೃದ್ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಿರಲೆಂದು ವೈದ್ಯರು ಕೊಡುವ 75 ಮಿಲಿಗ್ರಾಮಿನ ಆಸ್ಪಿರಿನ್ ಮಾತ್ರ ಬೇರೆಯ ಲೆಕ್ಕದ್ದು; ಈ ಲೇಖನ ಓದಿ ಅದನ್ನು ಯಾರೂ ತಾವಾಗಿ ಬಿಡಬಾರದು.

ಇಲ್ಲಿ ಮೂಕ ಪ್ರಾಣಿಗಳ ಮಾತನ್ನೂ ಹೇಳಬೇಕು. ಡೈಕ್ಲೋಫೆನಾಕ್ ಕೊಟ್ಟ ಎತ್ತು ಆಕಳುಗಳು ಸತ್ತಾಗ ಅವುಗಳ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಕೆಲವು ಜಾತಿಯ ಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಅಳಿದುಹೋದವು. 2006ರಲ್ಲಿ ದನಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ಉಳಿದ ಹದ್ದುಗಳಿಗಾಗಿ 2012ರಲ್ಲಿ ರಾಮದೇವರ ಬೆಟ್ಟವನ್ನು ಧಾಮವೆಂದು ಘೋಷಿಸಲಾಯಿತು. ಎತ್ತು ಕುಂಟಿತೆಂದು ಮನುಷ್ಯರ ಇಂಜೆಕ್ಷನ್ ತಂದು ಚುಚ್ಚುವ ರೂಢಿ ಎಲ್ಲಿಯಾದರೂ ಉಳಿದಿದ್ದರೆ ಬಿಡಬೇಕು. ಒಂದು ಹಕ್ಕಿಯ ಮೂತ್ರಪಿಂಡಕ್ಕೆ ಹೀಗೆ ಮಾಡಬಲ್ಲ ವಸ್ತುವನ್ನು ನಾವು ಚಹಾದ ಜೊತೆಗೆ ನುಂಗುತ್ತಿದ್ದೇವೆಂಬುದನ್ನೂ ನೆನೆಯಬೇಕು.

ಪ್ಯಾರಾಸಿಟಮಾಲ್

ಇದು ಮೇಲಿನ ಕುಲಕ್ಕೆ ಸೇರಿದುದಲ್ಲ. ಇದು ಹೊಲದಲ್ಲಿ ಹೆಚ್ಚು ಕೆಲಸ ಮಾಡದೆ ಮುಖ್ಯವಾಗಿ ಚಾವಡಿಯ ಕಡೆಗೇ ಮಾಡುತ್ತದೆ. ಅದರ ಪೂರ್ಣ ರಹಸ್ಯವನ್ನು ವಿಜ್ಞಾನಿಗಳು ಇನ್ನೂ ಬಿಡಿಸುತ್ತಲೇ ಇದ್ದಾರೆ. ಆದುದರಿಂದ ಜ್ವರ, ತಲೆನೋವು, ಮೈಕೈ ನೋವುಗಳಿಗೆ ಒಳ್ಳೆಯದು. ಬಾವನ್ನು ಇಳಿಸುವ ಶಕ್ತಿ ಇದಕ್ಕಿಲ್ಲ. ಸರಿಯಾದ ಅಳತೆಯಲ್ಲಿ ಜಠರಕ್ಕೂ ಮೂತ್ರಪಿಂಡಕ್ಕೂ ಇದರಷ್ಟು ಸೌಮ್ಯವಾದುದು ಬೇರೊಂದಿಲ್ಲ. ಡೆಂಗಿಯಲ್ಲಿಯೂ ಇದನ್ನೇ ಕೊಡುವುದು.

ಆದರೆ ಇದಕ್ಕೊಂದು ಗಡಿಯಿದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಮಿನ ಎಂಟು ಗುಳಿಗೆಗಳೇ ಪರಮಾವಧಿ. ಕೃಶರಿಗೆ, ವೃದ್ಧರಿಗೆ, ಯಕೃತ್ತಿನ ರೋಗವಿದ್ದವರಿಗೆ, ಮದ್ಯಪಾನಿಗಳಿಗೆ ಅದಕ್ಕಿಂತ ಕಡಿಮೆ. ಮಿತಿ ಮೀರಿದರೆ ಯಕೃತ್ತಿನಲ್ಲಿ ಇದರಿಂದ ವಿಷವಸ್ತುವೊಂದು ಉಳಿದು ಜೀವಕ್ಕೇ ಎರವಾಗುತ್ತದೆ. ಮೊದಲ ದಿನ ರೋಗಿ ಚೆನ್ನಾಗಿಯೇ ಕಾಣುತ್ತಾನೆ, ಆಮೇಲೆ ಕುಸಿಯುತ್ತಾನೆ. ಇದಕ್ಕೆ ಪ್ರತ್ಯೌಷಧವಿದೆ, ಆದರೆ ಬೇಗ ಹೋದಷ್ಟೂ ಅದರ ಫಲ ಹೆಚ್ಚು. ನೆಗಡಿಯ ಗುಳಿಗೆಯಲ್ಲಿಯೂ ಮೈಕೈ ನೋವಿನ ಜೋಡಿ ಗುಳಿಗೆಯಲ್ಲಿಯೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಹೆಸರು ಬೇರೆಯೆಂದು ಮೂರನ್ನೂ ನುಂಗಿದವನು ಒಂದನ್ನೇ ಮೂರು ಸಲ ನುಂಗಿದಂತಾಗುತ್ತದೆ. ಪೊಟ್ಟಣದ ಮೇಲೆ ಕಂಪನಿಯ ದೊಡ್ಡ ಹೆಸರಿನ ಜೊತೆಗೆ ಔಷಧದ ನಿಜವಾದ ಹೆಸರನ್ನೂ ಮುದ್ರಿಸಿರುತ್ತಾರೆ. ಮನೆಯಲ್ಲಿ ಓದಬಲ್ಲ ಮಗಳೋ ಮೊಮ್ಮಗನೋ ಅದನ್ನು ಓದಿ ಹೇಳಿದರೆ ಒಂದು ಜೀವ ಉಳಿದೀತು.

ದಾರಿಯಲ್ಲಿ, ಅಗಸಿಯಲ್ಲಿ

ಹಲ್ಲು ಕೀಳುವಾಗ ವೈದ್ಯರು ಒಸಡಿಗೆ ಚುಚ್ಚುವ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧವು ದಾರಿಯಲ್ಲಿಯೇ ವಾಲೀಕಾರನನ್ನು ನಿಲ್ಲಿಸುತ್ತದೆ. ನರದಲ್ಲಿ ಸುದ್ದಿ ಹರಿಯುವುದು ಸೋಡಿಯಂ ಕಣಗಳು ಒಳನುಗ್ಗುವ ಬಾಗಿಲುಗಳ ಮೂಲಕ. ಇದು ಆ ಬಾಗಿಲುಗಳನ್ನು ತುಸು ಹೊತ್ತು ಮುಚ್ಚಿಬಿಡುತ್ತದೆ.

ಅಗಸಿಯ ವಿಚಾರದಲ್ಲಿ ನಮ್ಮ ಅಜ್ಜಿಯಂದಿರೇ ಮೊದಲ ಪಂಡಿತರು. ಮಗು ಬಿದ್ದರೆ ಅವರು ಪೆಟ್ಟಾದ ಜಾಗವನ್ನು ತಿಕ್ಕುತ್ತಾರೆ, ಮಗು ಸುಮ್ಮನಾಗುತ್ತದೆ. ಸ್ಪರ್ಶದ ಸುದ್ದಿ ಬೆನ್ನುಹುರಿಯನ್ನು ಮೊದಲು ತಲುಪಿ ನೋವಿನ ಸುದ್ದಿಗೆ ಅಗಸಿಯ ಕದವನ್ನು ಅರೆ ಮುಚ್ಚುತ್ತದೆಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ವಿವರಿಸಿದರು. ಬಾಮು ಹಚ್ಚಿ ತಿಕ್ಕಿದಾಗ ಅರ್ಧ ಕೆಲಸ ಬಾಮಿನದು, ಅರ್ಧ ಕೈಯದು. ಮೆಣಸಿನಕಾಯಿಯ ಖಾರದ ಸತ್ವವನ್ನು ಕೂಡಿಸಿದ ಮುಲಾಮುಗಳೂ ಇವೆ. ಬ್ಯಾಡಗಿ ಮೆಣಸಿನಕಾಯಿಯಾಗಲಿ ಗುಂಟೂರಿನದಾಗಲಿ, ಖಾರವು ನಾಲಗೆಗೆ ರುಚಿಯಲ್ಲ, ಬಿಸಿ ತಗುಲಿದ ಸುದ್ದಿ. ಬಿಸಿಯನ್ನೂ ಖಾರವನ್ನೂ ಅರಿಯುವ ನರದ ಬಾಗಿಲು ಒಂದೇ ಎಂದು ಕಂಡುಹಿಡಿದುದಕ್ಕೆ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಆ ಬಾಗಿಲನ್ನು ಮತ್ತೆ ಮತ್ತೆ ಬಡಿದರೆ ನರವೇ ದಣಿದು ಸುದ್ದಿ ಹೊರುವುದನ್ನು ಬಿಡುತ್ತದೆ. ಮೊಣಕಾಲಿನ ನೋವಿಗೆ ಗುಳಿಗೆಗಿಂತ ಮೊದಲು ಮುಲಾಮು, ಬಿಸಿಯ ಕಾವು, ತೊಡೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಮೈಭಾರದ ಇಳಿಕೆ, ಇವುಗಳನ್ನು ಪ್ರಯತ್ನಿಸಬೇಕೆಂದು ವೈದ್ಯರು ಹೇಳುತ್ತಾರೆ. ನಾವು ಈಗ ಇವುಗಳಿಂದಲೇ ದಿನ ತಳ್ಳುತ್ತಿದ್ದೇವೆ. ಪದ್ಮಾಸನವನ್ನು ಬಿಟ್ಟು ಕುರ್ಚಿಯ ಮೇಲೆ ಕುಳಿತು ಪುರಾಣ ಹೇಳಲು ಸಂಕೋಚವನ್ನೂ ಬಿಟ್ಟಿದ್ದೇವೆ.

ಇನ್ನೊಂದು ಬಗೆಯ ನೋವಿನಲ್ಲಿ ಹೊಲದಲ್ಲಿ ಏನೂ ಆಗಿರುವುದಿಲ್ಲ, ದಾರಿಯೇ ಕೆಟ್ಟಿರುತ್ತದೆ. ಸಕ್ಕರೆ ರೋಗದವರ ಅಂಗಾಲುರಿ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಉರಿ ಇಂತಹವು. ಇವುಗಳಿಗೆ ಡೈಕ್ಲೋಫೆನಾಕ್ ನುಂಗಿ ಫಲವಿಲ್ಲ. ಕೆಟ್ಟ ನರದ ಗದ್ದಲವನ್ನು ತಗ್ಗಿಸುವ ಗಾಬಾಪೆಂಟಿನ್, ಪ್ರಿಗಾಬಾಲಿನ್, ಅಮಿಟ್ರಿಪ್ಟಿಲಿನ್ ಮೊದಲಾದವನ್ನು ವೈದ್ಯರು ಕೊಡುತ್ತಾರೆ. ಇವು ಮೂರ್ಛೆರೋಗಕ್ಕೂ ಮನಸ್ಸಿನ ಖಿನ್ನತೆಗೂ ಬಳಸುವ ಔಷಧಗಳೇ. ‘ನನಗೆ ಹುಚ್ಚಿನ ಗುಳಿಗೆ ಕೊಟ್ಟಿದ್ದಾರೆ’ ಎಂದು ಕೋಪಿಸಿಕೊಂಡು ಎಸೆಯುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಇವುಗಳ ಫಲ ಕಾಣಲು ವಾರಗಳು ಬೇಕು; ಮೊದಮೊದಲು ಮಂಪರು, ತಲೆಸುತ್ತು ಬರಬಹುದು; ಥಟ್ಟನೆ ನಿಲ್ಲಿಸಬಾರದು.

ಸಣ್ಣ ಗುಳಿಗೆಯ ದೊಡ್ಡ ಮೋಸ

ಹಿರೋಳ್ಳಿಯ ಒಕ್ಕಲಿಗರ ಕೈಯಲ್ಲಿದ್ದ ಸಣ್ಣ ಗುಳಿಗೆ ಯಾವುದೆಂದು ನಾವು ಆಳಂದದ ವೈದ್ಯರೊಬ್ಬರಿಗೆ ತೋರಿಸಿದೆವು. ಅದು ಸ್ಟಿರಾಯ್ಡ್. ನಿಜವಾಗಿ ಅದು ನೋವಿನ ಔಷಧವೇ ಅಲ್ಲ. ಶರೀರದ ರಕ್ಷಣಾ ಶಕ್ತಿಯನ್ನೇ ಅಡಗಿಸಿ ಬಾವನ್ನು ಇಳಿಸುವಂಥದು. ತಕ್ಕ ರೋಗದಲ್ಲಿ, ತಕ್ಕ ಅಳತೆಯಲ್ಲಿ ಅದು ಪ್ರಾಣವನ್ನು ಉಳಿಸುತ್ತದೆ. ದಣಿವಿಗೂ ಸೊಂಟನೋವಿಗೂ ವರ್ಷಗಟ್ಟಲೆ ನುಂಗಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ಸೋಂಕುಗಳು ಮನೆ ಮಾಡುತ್ತವೆ. ಅಷ್ಟೇ ಅಲ್ಲ, ಶರೀರವು ತಾನೇ ತಯಾರಿಸುವ ಅಂತಹ ರಸವನ್ನು ತಯಾರಿಸುವುದನ್ನೇ ಮರೆಯುತ್ತದೆ. ಆದುದರಿಂದ ಬಹುಕಾಲ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೂ ಅಪಾಯ. ವೈದ್ಯರ ಕಣ್ಣಳತೆಯಲ್ಲಿ ಮೆಲ್ಲಗೆ ಇಳಿಸಬೇಕು. ಹೆಸರಿಲ್ಲದ ಚೂರ್ಣಗಳಲ್ಲಿ ಇದನ್ನೇ ಬೆರೆಸಿ ಮಾರುವುದೂ ಹಲವು ಸಲ ಪರೀಕ್ಷೆಗಳಲ್ಲಿ ಬಯಲಾಗಿದೆ. ಒಂದೇ ದಿನದಲ್ಲಿ ಪವಾಡದಂತೆ ನೋವು ಹೋದರೆ ಭಕ್ತರು ಕೈ ಮುಗಿಯುವ ಮೊದಲು ಸಂಶಯಪಡಬೇಕು.

ಅಫೀಮಿನ ಪ್ರಶ್ನೆ

ಈಗ ಆ ಯುವಕನ ಪ್ರಶ್ನೆಗೆ ಬರೋಣ. ಗಸಗಸೆ ಗಿಡದ ಹಸಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಹೆಪ್ಪುಗಟ್ಟಿದುದೇ ಅಫೀಮು. ಅದರಿಂದ ನೋವನ್ನು ನೀಗುವ ಸತ್ವವನ್ನು 19ನೆಯ ಶತಮಾನದ ಆರಂಭದಲ್ಲಿ ಸೆರ್ಟ್ಯುರ್ನರ್ ಎಂಬ ಜರ್ಮನ್ ಔಷಧಕಾರನು ಬೇರ್ಪಡಿಸಿದನು. ಅದೇ ಮಾರ್ಫಿನ್. ಇದು ಅಗಸಿಯಲ್ಲಿಯೂ ಚಾವಡಿಯಲ್ಲಿಯೂ ಕೆಲಸ ಮಾಡುತ್ತದೆ. ಬೆನ್ನುಹುರಿಯಲ್ಲಿ ಸುದ್ದಿ ಒಬ್ಬರಿಂದೊಬ್ಬರಿಗೆ ದಾಟದಂತೆ ತಡೆಯುತ್ತದೆ. ಮಿದುಳಿನಲ್ಲಿ ನೋವಿನ ಸಂಕಟವನ್ನು ಸಡಿಲಿಸುತ್ತದೆ. ಸೋಜಿಗವೆಂದರೆ ಮಾರ್ಫಿನ್ ಹೋಗಿ ಕೂಡುವ ಆಸನಗಳು ನಮ್ಮ ನರಗಳಲ್ಲಿ ಮೊದಲೇ ಇವೆ. ಏಕೆ ಇವೆ ಎಂಬುದಕ್ಕೆ 1975ರಲ್ಲಿ ಉತ್ತರ ದೊರೆಯಿತು: ನಮ್ಮ ಶರೀರವೇ ಅಂತಹ ನೋವು ನೀಗುವ ರಸಗಳನ್ನು ತಯಾರಿಸಿಕೊಳ್ಳುತ್ತದೆ. ಮಾರ್ಫಿನ್ ಆ ಆಸನಗಳಲ್ಲಿ ಬಂದು ಕುಳಿತುಕೊಳ್ಳುವ ಅತಿಥಿ.

ಇದರ ಅಪಾಯಗಳನ್ನು ಮುಚ್ಚಿಡಲಾಗದು. ಅಳತೆ ಮೀರಿದರೆ ಉಸಿರಾಟವೇ ಕುಗ್ಗುತ್ತದೆ. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ. ಅದಕ್ಕೆ ಬೇರೆ ಔಷಧವನ್ನು ಜೊತೆಗೇ ಕೊಡುತ್ತಾರೆ. ನೋವಿಲ್ಲದವನು ಸುಖಕ್ಕಾಗಿ ತೆಗೆದುಕೊಂಡರೆ ಚಟವಾಗುತ್ತದೆ. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದ ಈ ಕುಲದ ಗುಳಿಗೆಗಳನ್ನು ಸಾಮಾನ್ಯ ನೋವುಗಳಿಗೂ ಧಾರಾಳವಾಗಿ ಬರೆದುಕೊಟ್ಟ ಫಲವಾಗಿ ಅಸಂಖ್ಯ ಕುಟುಂಬಗಳು ಹಾಳಾದವು. ನಮ್ಮ ದೇಶದಲ್ಲಿಯೂ ಇದೇ ಬಗೆಯ ಟ್ರಾಮಡಾಲ್ ಗುಳಿಗೆ ದುರುಪಯೋಗವಾಗತೊಡಗಿದ್ದರಿಂದ 2018ರಲ್ಲಿ ಅದನ್ನು ಮಾದಕವಸ್ತು ಕಾಯಿದೆಯ ಕೆಳಗೆ ತಂದರು.

ಇದರ ಇನ್ನೊಂದು ಮುಖವೂ ಇದೆ. 1985ರ ಮಾದಕವಸ್ತು ಕಾಯಿದೆಯ ಕಟ್ಟುನಿಟ್ಟಿನಿಂದ ನಮ್ಮ ದವಾಖಾನೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಪರದೇಶಗಳಿಗೆ ಕಳಿಸುವ ಭಾರತದಲ್ಲಿಯೇ ಕ್ಯಾನ್ಸರ್ ರೋಗಿಗಳು ಅದಿಲ್ಲದೆ ನರಳಿ ಸತ್ತರು. ಕ್ಯಾನ್ಸರಿನ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಹೇಳಿತ್ತು. ತೀವ್ರ ನೋವಿನ ಮೆಟ್ಟಿಲಲ್ಲಿ ಬಾಯಿಯಿಂದ ಕೊಡುವ ಮಾರ್ಫಿನ್ ಇದೆ. ನೋವಿನ ಉಪಶಮನಕ್ಕಾಗಿ ಹೋರಾಡಿದವರ ಪ್ರಯತ್ನದಿಂದ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ದಾರಿ ತುಸು ಸುಗಮವಾಯಿತು. ಬೆಂಗಳೂರಿನ ಕಿದ್ವಾಯಿ ಗ್ರಂಥಿ ಸಂಸ್ಥೆಯಲ್ಲಿ ನೋವಿನ ಉಪಶಮನದ ವಿಭಾಗವಿದೆ. ಅದರ ಶಾಖಾ ಕೇಂದ್ರವೊಂದು ಕಲಬುರಗಿಯಲ್ಲಿಯೂ ಇದೆ. ಬೆಂಗಳೂರಿನಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯವು ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಇಂತಹ ರೋಗಿ ಮನೆಯಲ್ಲಿದ್ದರೆ, ‘ನೋವಿಗೆ ಏನು ಮಾಡುತ್ತೀರಿ?’ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳುವುದು ಕುಟುಂಬದವರ ಹಕ್ಕು.

ಲಿಂಗಧಾರಿಗಳಿಗೆ ಇದು ಸಲ್ಲುವುದೇ? ನಾವು ಆ ರಾತ್ರಿ ಹೇಳಿದ ಮಾತನ್ನೇ ಇಲ್ಲಿ ಹೇಳುತ್ತೇವೆ. ಶರಣರು ಮಾದಕವನ್ನು ವರ್ಜಿಸಿದ್ದು ಅದು ಅರಿವನ್ನು ಮರೆಸುತ್ತದೆ, ಕಾಯಕವನ್ನು ಕೆಡಿಸುತ್ತದೆ, ಮನೆಯನ್ನು ಮುರಿಯುತ್ತದೆ ಎಂಬ ಕಾರಣಕ್ಕಾಗಿ. ಇಲ್ಲಿ ಅರಿವನ್ನು ಮರೆಸುತ್ತಿರುವುದು ಯಾವುದು? ನೋವು. ರಾತ್ರಿಯಿಡೀ ನರಳುವ ಜೀವಕ್ಕೆ ಲಿಂಗದ ನೆನಹು ಎಲ್ಲಿ ಉಳಿದೀತು? ಕಾಯವನ್ನು ಪ್ರಸಾದಕಾಯವೆಂದು ನಂಬಿದವರು ಅದನ್ನು ಬೇಕೆಂದೇ ದಂಡಿಸುವುದು ತಪಸ್ಸಲ್ಲ. ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನೂ ಇದ್ದನು. ಅನುಭಾವವನ್ನು ವೈದ್ಯದ ಮಾತುಗಳಲ್ಲಿಯೇ ಹೇಳಿದನು. ಚಿಕಿತ್ಸೆ ಅವನಿಗೆ ಕಾಯಕವಾಗಿತ್ತು. ವಸ್ತು ಒಂದೇ ಆದರೂ ಮತ್ತಿಗಾಗಿ ಸೇವಿಸಿದರೆ ಮಾದಕ, ವೈದ್ಯನು ಅಳೆದು ಕೊಟ್ಟರೆ ಔಷಧ. ತಾಯಿಯ ನೋವನ್ನು ಕರ್ಮವೆಂದು ನೋಡುತ್ತ ಕುಳಿತುಕೊಳ್ಳುವ ಅಧಿಕಾರವನ್ನು ಮಗನಿಗೆ ಯಾವ ಶಾಸ್ತ್ರವೂ ಕೊಟ್ಟಿಲ್ಲ. “ಕೊಡು ತಮ್ಮಾ. ಬರೆದ ಅಳತೆಯಲ್ಲಿ, ಬರೆದ ಹೊತ್ತಿಗೆ ಕೊಡು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡು. ಉಳಿದರೆ ದವಾಖಾನೆಗೇ ಮರಳಿಸು” ಎಂದೆವು.

ದೀಪಾವಳಿಯ ಬಳಿಕ ಅವನಿಂದ ಕಾಗದ ಬಂದಿತು. ನಾಲ್ಕು ತಾಸಿಗೊಮ್ಮೆ ಗುಳಿಗೆ ಕೊಡತೊಡಗಿದ ಎರಡನೆಯ ರಾತ್ರಿ ತಾಯಿ ನಿದ್ರಿಸಿದರಂತೆ. ಮೂರನೆಯ ಬೆಳಗ್ಗೆ ಗೋಡೆಗೆ ಒರಗಿಸಿ ಕೂಡಿಸೆಂದು ಕೇಳಿ, ಇಪ್ಪತ್ತು ದಿನಗಳ ಮೇಲೆ ಇಷ್ಟಲಿಂಗವನ್ನು ತಾವೇ ಅಂಗೈಯಲ್ಲಿ ಹಿಡಿದು ಪೂಜೆ ಮಾಡಿಕೊಂಡರಂತೆ. ಆಮೇಲೆ ಏಳು ವಾರ ಬದುಕಿದರು. ಮೊಮ್ಮಗಳಿಗೆ ಹೋಳಿಗೆಯ ಹದ ಹೇಳಿಕೊಟ್ಟರು, ಬರಬೇಕಾದವರನ್ನೆಲ್ಲ ಕರೆಸಿ ಮಾತಾಡಿದರು, ಲಿಂಗೈಕ್ಯರಾದರು. “ಹನ್ನೆರಡು ದಿನ ಜಗುಲಿ ಮ್ಯಾಲ ಇಟ್ಟು ಕೂತಿದ್ದೆನಲ್ರಿ” ಎಂಬುದು ಆ ಕಾಗದದ ಕೊನೆಯ ಸಾಲು. ಆ ಸಾಲು ಇನ್ನೊಬ್ಬ ಮಗನ ಕಾಗದದಲ್ಲಿ ಬರದಿರಲೆಂದೇ ನಾವು ಇದನ್ನು ಬರೆದೆವು.

ಒಕ್ಕಲಿಗರನ್ನೂ ಮರೆತಿಲ್ಲ. ಅವರ ರಕ್ತವನ್ನು ಪರೀಕ್ಷಿಸಿದಾಗ ಮೂತ್ರಪಿಂಡಗಳು ಅರ್ಧಕ್ಕಿಂತ ಹೆಚ್ಚು ಶಕ್ತಿಗುಂದಿರುವುದು ತಿಳಿದುಬಂದಿದೆ. ಹಳದಿಯ ಗುಳಿಗೆಯನ್ನು ನಿಲ್ಲಿಸಿದ್ದಾರೆ. ಸಣ್ಣದನ್ನು ವೈದ್ಯರು ವಾರ ವಾರಕ್ಕೆ ಇಳಿಸುತ್ತಿದ್ದಾರೆ. ಬಿಳಿಯದು ಪ್ಯಾರಾಸಿಟಮಾಲ್, ಅದನ್ನು ಮಿತವಾಗಿ ಉಳಿಸಿದ್ದಾರೆ. ಹೋದ ಮೂತ್ರಪಿಂಡ ಮರಳಿ ಬಾರದು, ಉಳಿದುದು ಉಳಿಯಬಹುದು.

ಕೊನೆಯದಾಗಿ ಗೃಹಿಣಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ತಟ್ಟೆಯಲ್ಲಿ ಹರಡಿ ಅವುಗಳ ನಿಜವಾದ ಹೆಸರುಗಳನ್ನು ಓದಿಸಿರಿ. ಹೆಸರಿಲ್ಲದುದನ್ನು ಯಾರೂ ನುಂಗದಿರಲಿ. ಆದರೆ ಬಹುದಿನಗಳಿಂದ ನುಂಗುತ್ತಿದ್ದರೆ ಅದನ್ನೇ ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿರಿ. ಒಂದೇ ಕುಲದ ಎರಡು ಗುಳಿಗೆಗಳು ಕೂಡಿದರೆ ಗುಣ ಇಮ್ಮಡಿಸುವುದಿಲ್ಲ, ಕೇಡು ಇಮ್ಮಡಿಸುತ್ತದೆ. ವಾರ ಕಳೆದರೂ ಹೋಗದ ನೋವಿಗೆ ಅಂಗಡಿಯಲ್ಲಿ ಉತ್ತರವಿಲ್ಲ. ವರ್ಷಗಟ್ಟಲೆ ಗುಳಿಗೆ ನುಂಗಿದವರು ಒಮ್ಮೆ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ನೋವು ಶರೀರವು ಕಳಿಸಿದ ಸುದ್ದಿ. ಸುದ್ದಿಯನ್ನು ಕೇಳಿಸಿಕೊಂಡು ಆಮೇಲೆ ದೂತನನ್ನು ಸುಮ್ಮನಾಗಿಸುವುದು ವಿವೇಕ. ಸುದ್ದಿ ತಿಳಿದಾಗಿದೆ, ಮಾಡಬೇಕಾದುದೆಲ್ಲ ಮಾಡಿಯಾಗಿದೆ, ಆದರೂ ದೂತನು ಕೂಗುತ್ತಲೇ ಇದ್ದರೆ ಅವನನ್ನು ಸುಮ್ಮನಾಗಿಸುವುದೇ ದಯೆ.